ಪ್ರಾಜೆಕ್ಟ್ ಯುರೋಪಿನದು, ಕೆಲಸ ಫ್ರಾನ್ಸಿನದು

ತಮ್ಮಾ, ದಕ್ಷಿಣ ಫ್ರಾನ್ಸಿನ ಕದರಾಶ್‌ನ ಲ್ಯಾಬಿನಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್, ಪಿಎಚ್‌ಡಿ ಆದ ಮೇಲಿನ ಸಂಶೋಧನೆ ಕೆಲಸ, ಸಿಕ್ಕಿದೆ ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. "ಅಕ್ಕಾ, ಈ ಯುರಾಟಮ್ ದುಡ್ಡನ್ನು, ಯುರೋಪಿನ ಅಣುಶಕ್ತಿ ಒಕ್ಕೂಟದ ದುಡ್ಡನ್ನು, ನಂಬಿಕೊಂಡು ಬರಬಹುದಾ? ಅದು ಮುಗಿದ ಮೇಲೆ ಏನು? ಮನೆ, ಊಟ, ಚಳಿ ಹೇಗೆ?" ಅಂತ ಕೇಳಿದ್ದೀಯ.

ಮನೆಯನ್ನು ಮನೋಸ್ಕ್‌ನಲ್ಲಿ ನೋಡು, ಎಕ್ಸ್ ಪಟ್ಟಣದಲ್ಲಿ ಬಾಡಿಗೆ ಜಾಸ್ತಿ. ಚಳಿಗಿಂತ ಮಿಸ್ತ್ರಾಲ್ ಗಾಳಿ ಕಷ್ಟ. ಊಟದ ಬಗ್ಗೆ ನಿನಗೆ ಹೇಳಬೇಕಾ? ಅಮ್ಮ ಮಾಡಿದ ಸಾರಿನ ಪುಡಿ ಜಾಸ್ತಿಯೇ ತಾ.

ದುಡ್ಡಿನ ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ. 2011ರ ನವೆಂಬರ್‌ನಲ್ಲಿ ನಾನು ಮಾರ್ಸೆಯ್‌ನಲ್ಲಿ ಇಳಿದಾಗ, ಊರಲ್ಲಿ ಅಪ್ಪ ಎಲ್ಲರಿಗೂ "ಮಗಳಿಗೆ ಯುರೋಪ್ ಸರ್ಕಾರದ ಕೆಲಸ" ಅಂತ ಹೇಳಿಕೊಂಡಿದ್ದರು. ನಾನೂ ಹಾಗೇ ನಂಬಿದ್ದೆ. ನಮ್ಮಲ್ಲಿ ಸರ್ಕಾರಿ ಕೆಲಸ ಅಂದರೆ ರಿಟೈರ್ ಆಗುವವರೆಗೆ, ಅಲ್ವಾ?

ಇಲ್ಲಿ ಹಾಗಲ್ಲ. ಯುರಾಟಮ್ ಒಪ್ಪಂದಕ್ಕೆ 1957ರಲ್ಲಿ ರೋಮ್‌ನಲ್ಲಿ ಸಹಿ ಬಿದ್ದಿತು. ಸಂಶೋಧನೆಯ ಕಾರ್ಯಕ್ರಮಗಳನ್ನು ಒಂದು ಸಲಕ್ಕೆ ಐದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಹಾಕಬಾರದು ಅಂತ ಆ ಒಪ್ಪಂದದಲ್ಲೇ ಇದೆ. 2021ರಿಂದ 2025ಕ್ಕೆ ಸುಮಾರು 138 ಕೋಟಿ ಯೂರೊ ಇಟ್ಟಿದ್ದರು. ಅದರಲ್ಲಿ ಫ್ಯೂಷನ್ನಿನ, ಅಂದರೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಂಶೋಧನೆಯ, ಪಾಲು ಯೂರೋಫ್ಯೂಷನ್ ಒಕ್ಕೂಟದ ಮೂಲಕ ಬೇರೆ ಬೇರೆ ದೇಶಗಳ ಲ್ಯಾಬ್‌ಗಳಿಗೆ ಹೋಗುತ್ತದೆ. ಬ್ರಸೆಲ್ಸ್, ಅಂದರೆ ಯುರೋಪಿಯನ್ ಒಕ್ಕೂಟ, ಖರ್ಚಿನ ಒಂದು ಭಾಗ ಕೊಡುತ್ತದೆ, ಉಳಿದದ್ದನ್ನು ಆಯಾ ದೇಶವೇ ಹಾಕಬೇಕು. ಯಾವ ಒಂದು ದೇಶಕ್ಕೂ ಇದು ಒಂಟಿಯಾಗಿ ಆಗುವ ಕೆಲಸವಲ್ಲ. ಜರ್ಮನಿ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ಅಣು ವಿದ್ಯುತ್ ಸ್ಥಾವರಗಳನ್ನು ಮುಚ್ಚಿತು. ಆದರೂ ಗ್ರೈಫ್ಸ್‌ವಾಲ್ಡ್‌ನ ಫ್ಯೂಷನ್ ಯಂತ್ರವನ್ನು ಬಿಡಲಿಲ್ಲ. ಆದ್ದರಿಂದ ದುಡ್ಡು ರಾತ್ರೋರಾತ್ರಿ ನಿಂತುಹೋಗುತ್ತದೆ ಅನ್ನೋ ಭಯ ಬೇಡ.

ಆದರೆ ಆ ದುಡ್ಡು ನಿನಗೆ ಕಾಯಂ ಕೆಲಸ ಕೊಡುವುದಿಲ್ಲ. ಕಾಯಂ ಹುದ್ದೆ ಇರುವುದು ಆ ದೇಶದ ಸಂಸ್ಥೆಯ ಕೈಯಲ್ಲಿ. ಅದು ನನಗೆ ತಡವಾಗಿ ಗೊತ್ತಾಯಿತು.

2014ಕ್ಕೆ ಮೊದಲು ಒಂದೊಂದು ದೇಶದ ಲ್ಯಾಬೂ ಯುರಾಟಮ್ ಜೊತೆ ಬೇರೆಬೇರೆಯಾಗಿ ಕರಾರು ಮಾಡಿಕೊಂಡಿತ್ತು. 2013ರ ಕೊನೆಗೆ ಆ ಪದ್ಧತಿ ಮುಗಿಯಿತು, ಅದರ ಜೊತೆ ನನ್ನ ಕಾಂಟ್ರಾಕ್ಟೂ ಮುಗಿಯಿತು. "ಹೊಸ ವ್ಯವಸ್ಥೆ ಬರಲಿ, ನೋಡೋಣ" ಅಂದರು. ಅದೇ ಹೊತ್ತಿಗೆ ಒಂದು ಲ್ಯಾಬಿನಲ್ಲಿ ಕಾಯಂ ಹುದ್ದೆ ಖಾಲಿಯಾಯಿತು. ಇಂಟರ್‌ವ್ಯೂ ಫ್ರೆಂಚ್‌ನಲ್ಲಿ. ಎರಡು ವರ್ಷ ನಾನು ಬರೀ ಇಂಗ್ಲಿಷಿನಲ್ಲಿ ದಿನ ತಳ್ಳಿದ್ದೆ. ಮೀಟಿಂಗಿನಲ್ಲಿ ಜರ್ಮನ್, ಇಟಾಲಿಯನ್, ಜೆಕ್ ಜನ ಇರುತ್ತಿದ್ದುದರಿಂದ ಎಲ್ಲರೂ ಇಂಗ್ಲಿಷ್ ಆಡುತ್ತಿದ್ದರು. ಕಾಫಿ ಹೊತ್ತಿಗೆ ಮಾತು ಫ್ರೆಂಚಿಗೆ ತಿರುಗುತ್ತಿತ್ತು, ನಾನು ಲೋಟ ಹಿಡಿದು ನನ್ನ ಮೇಜಿಗೆ ಬಂದುಬಿಡುತ್ತಿದ್ದೆ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೆ ಕೇಳಿದರು. ಆಗಲೂ ಅರ್ಥವಾಗಲಿಲ್ಲ.

ಮುಂದೆ ಏಳು ತಿಂಗಳು ಸಂಬಳವಿರಲಿಲ್ಲ. ಮನೆಗೆ ಫೋನ್ ಮಾಡಿದಾಗ "ಕೆಲಸ ಜಾಸ್ತಿ ಅಪ್ಪಾ" ಅಂತಿದ್ದೆ. ಅವರಿಗೆ ಇವತ್ತಿಗೂ ಆ ವಿಷಯ ಗೊತ್ತಿಲ್ಲ. ಕೆಲಸ ಹೋಗಿದ್ದಕ್ಕಿಂತ ಆ ಸುಳ್ಳೇ ನನ್ನನ್ನು ಈಗಲೂ ಚುಚ್ಚುತ್ತದೆ.

ಆಮೇಲೆ ಇಟರ್‌ಗೆ, ಹಲವು ದೇಶಗಳು ಸೇರಿ ಕದರಾಶ್ ಪಕ್ಕದಲ್ಲೇ ಕಟ್ಟುತ್ತಿರುವ ದೊಡ್ಡ ಫ್ಯೂಷನ್ ಯಂತ್ರಕ್ಕೆ, ಕೆಲಸ ಮಾಡುವ ಒಂದು ಕಂಪನಿಗೆ ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಇಟರ್ ಕಟ್ಟುವ ಖರ್ಚಿನಲ್ಲಿ ಯುರೋಪಿನದು ಸುಮಾರು 45 ಪರ್ಸೆಂಟ್, ನಮ್ಮ ಭಾರತದ್ದು ಸುಮಾರು 9. 2020ರ ಮೇ ತಿಂಗಳಲ್ಲಿ ಗುಜರಾತಿನ ಹಜೀರಾದಲ್ಲಿ ತಯಾರಾದ ಕ್ರಯೋಸ್ಟಾಟ್‌ನ, ಅಂದರೆ ಯಂತ್ರವನ್ನು ಸುತ್ತುವರಿಯುವ ಉಕ್ಕಿನ ಕವಚದ, ತಳಭಾಗವನ್ನು ಯಂತ್ರದ ಗುಂಡಿಗೆ ಇಳಿಸಿದರು, 1,250 ಟನ್ ತೂಕದ್ದು. ಅವತ್ತು ಅಪ್ಪನಿಗೆ ಫೋನ್ ಮಾಡಿ ಅರ್ಧ ಗಂಟೆ ಅದನ್ನೇ ಹೇಳಿದೆ.

ನೀನು ಬಾ, ಖಂಡಿತ ಬಾ. ಆದರೆ ಕಾಂಟ್ರಾಕ್ಟಿನ ಕೊನೇ ದಿನವನ್ನೂ ಯುರಾಟಮ್ ಕಾರ್ಯಕ್ರಮದ ಕೊನೇ ದಿನವನ್ನೂ ಪಕ್ಕಪಕ್ಕ ಬರೆದಿಟ್ಟುಕೊ. ವೀಸಾ ಬರುವವರೆಗೆ ಸುಮ್ನೆ ಕೂರಬೇಡ, ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಜ್‌ನ ಫ್ರೆಂಚ್ ಕ್ಲಾಸಿಗೆ ಈ ವಾರವೇ ಸೇರಿಕೊ. ಬಂದ ಮೇಲೆ ಕಾಫಿ ಹೊತ್ತಿನಲ್ಲಿ ಅವರ ಜೊತೆಗೇ ನಿಲ್ಲು, ಅರ್ಥವಾಗದಿದ್ದರೂ ನಿಲ್ಲು. ಯಾವತ್ತು ಇಳಿಯುತ್ತೀಯ ತಿಳಿಸು, ಮಾರ್ಸೆಯ್‌ಗೆ ನಾನೇ ಬರುತ್ತೇನೆ.