ಕಡಿಮೆ ದುಡ್ಡಲ್ಲಿ ವಿದೇಶ ಸುತ್ತುವಾಗ ಖರ್ಚು ಎಲ್ಲಿ ಉಳಿಸಬಹುದು?

ಟಿಕೆಟ್ ಅಗ್ಗವಾಗಿ ಸಿಕ್ಕರೂ ಎಷ್ಟೋ ಜನರ ದುಡ್ಡು ಸೋರುವುದು ಕಾರ್ಡ್ ಬಳಸುವಾಗ. ಎಟಿಎಂ ಅಥವಾ ಅಂಗಡಿಯ ಯಂತ್ರ ‘ನಿಮ್ಮ ದೇಶದ ಕರೆನ್ಸಿಯೋ, ಇಲ್ಲಿನದೋ?’ ಎಂದು ಕೇಳುತ್ತದೆ. ಪರಿಚಿತ ಅಂಕಿ ಕಂಡಿತೆಂದು ಮೊದಲನೆಯದನ್ನು ಒತ್ತಬೇಡಿ. ಒತ್ತಿದರೆ ವಿನಿಮಯ ದರ ನಿಗದಿ ಮಾಡುವುದು ಯಂತ್ರದ ಕಡೆಯವರು, ಅವರ ಲಾಭವೂ ಅದರಲ್ಲೇ ಸೇರಿರುತ್ತದೆ. ಸ್ಥಳೀಯ ಕರೆನ್ಸಿಯನ್ನೇ ಆರಿಸಿ. ಎಷ್ಟೋ ಎಟಿಎಂಗಳು ಪ್ರತಿ ಸಲಕ್ಕೂ ಶುಲ್ಕ ಹಿಡಿಯುತ್ತವೆ. ಹಾಗಾಗಿ ಚೂರುಪಾರು ತೆಗೆಯುವ ಬದಲು ಮೂರ್ನಾಲ್ಕು ದಿನಕ್ಕಾಗುವಷ್ಟು ಒಟ್ಟಿಗೆ ತೆಗೆಯಿರಿ.

ದೂರದ ಪ್ರಯಾಣ ರಾತ್ರಿ ಮಾಡಿದರೆ ಒಂದು ದಿನದ ರೂಮ್ ಬಾಡಿಗೆ ಉಳಿಯುತ್ತದೆ. ಬಸ್ಸಿನಲ್ಲಿ ನಿದ್ದೆ ಬಾರದವರಿಗೆ ಮಾತ್ರ ನಾನಿದನ್ನು ಹೇಳುವುದಿಲ್ಲ. ಬ್ಯಾಗನ್ನು ಮನೆಯಲ್ಲೇ ತೂಗಿ ನೋಡಿ. ಅಗ್ಗದ ವಿಮಾನಗಳಲ್ಲಿ ಗೇಟಿನ ಬಳಿ ಕಟ್ಟುವ ಲಗೇಜ್ ಶುಲ್ಕ ಕೆಲವೊಮ್ಮೆ ಟಿಕೆಟ್ಟಿನ ಬೆಲೆಯನ್ನೇ ಮೀರಿಸುತ್ತದೆ.