ಏಪ್ರಿಲ್–ಮೇಯಲ್ಲಿ ಮೊಬೈಲಿನ ಮಳೆ ಮುನ್ಸೂಚನೆ ನಂಬಿ ಅಂಗಳದಲ್ಲಿ ಅಡಿಕೆ ಹರಡಬಹುದೇ?

ಪ್ರಶ್ನೆ ಕೇಳಿದವರು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವರು. ಕೊನೆಯ ಕೊಯ್ಲಿನ ಅಡಿಕೆ ಇನ್ನೂ ಅಂಗಳದಲ್ಲಿದೆ, ತೋಟಕ್ಕೆ ನೀರು ಬಿಡುವುದೂ ನಡೆದಿದೆ. ಆ್ಯಪ್ ವಾರವಿಡೀ ಮಧ್ಯಾಹ್ನ 60% ಮಳೆ ತೋರಿಸಿತು, ಒಂದು ಹನಿ ಬೀಳಲಿಲ್ಲ. 20% ಎಂದ ದಿನ ಸಂಜೆ ಗುಡುಗಿ ಸುರಿಯಿತು. ಹಾಗಾದರೆ ಯಾವುದನ್ನು ನೋಡಬೇಕು ಎಂದು ಕೇಳಿದ್ದೀರಿ.

ಆ್ಯಪ್‌ನ ಶೇಕಡಾವಾರು ಅಂಕಿಯನ್ನು ಬಿಟ್ಟುಬಿಡಿ. ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ ಇಡೀ ವಾರದ ಅಂದಾಜಿಗೆ ಸಾಕು. ಅಡಿಕೆ ಹರಡುವುದೋ ಬೇಡವೋ ಎಂಬುದನ್ನು ಆ ದಿನ ಬೆಳಿಗ್ಗೆಯ ವರದಿ ನೋಡಿ ತೀರ್ಮಾನಿಸಬೇಕು, ಎತ್ತುವ ಹೊತ್ತನ್ನು ಮಧ್ಯಾಹ್ನದ ಮೋಡ ನೋಡಿ.

ಕಾರಣ ಇಷ್ಟೆ: ಮಾರ್ಚ್‌ನಿಂದ ಮೇ ನಡುವೆ ನಮ್ಮಲ್ಲಿ ಬರುವುದು ಹೆಚ್ಚಾಗಿ ಗುಡುಗಿನ ಮಳೆ. ಬೆಳಿಗ್ಗೆ ನೆಲ ಕಾಯುತ್ತದೆ, ಹತ್ತು-ಹನ್ನೊಂದರ ಹೊತ್ತಿಗೆ ಕಡಲ ಗಾಳಿ ತೇವ ಹೊತ್ತು ಒಳಕ್ಕೆ ಬರುತ್ತದೆ, ಆ ತೇವ ಘಟ್ಟದ ಇಳಿಜಾರು ಹತ್ತಿ ಮಧ್ಯಾಹ್ನಕ್ಕೆ ಮೋಡವಾಗಿ ಏಳುತ್ತದೆ. ಒಂದೊಂದು ಮಳೆ ಮೋಡದ ಅಗಲ ಐದು-ಹತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಆ್ಯಪ್‌ಗಳ ಹಿಂದೆ ಇರುವ ಕಂಪ್ಯೂಟರ್ ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತವೆ. ಯುರೋಪಿನ ಮಾದರಿಯ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್‌ನದು ಸುಮಾರು 13 ಕಿ.ಮೀ., ನಮ್ಮ ದೇಶದಲ್ಲಿ 2025ರ ಮೇಯಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನದು 6 ಕಿ.ಮೀ. ಚೌಕದಷ್ಟೇ ದೊಡ್ಡ ಮೋಡವನ್ನು ಆ ಮಾದರಿ ಬಿಡಿಬಿಡಿಯಾಗಿ ಕಾಣಲಾರದು. ಅದಕ್ಕೆ ಒಂದು ಸೂತ್ರ ಇಟ್ಟುಕೊಂಡು ಅಂದಾಜು ಮಾಡುತ್ತದೆ. ಆ ಅಂದಾಜಿಗೆ ಎರಡು ದುರಭ್ಯಾಸಗಳಿವೆ: ಮಳೆಯನ್ನು ನಿಜಕ್ಕಿಂತ ಎರಡು-ಮೂರು ಗಂಟೆ ಮೊದಲೇ ಶುರುಮಾಡುವುದು, ಒಂದೇ ಊರಿಗೆ ಸುರಿಯಬೇಕಾದ್ದನ್ನು ಹತ್ತು ಊರಿಗೆ ತೆಳ್ಳಗೆ ಹಂಚುವುದು. ಹಾಗಾಗಿ ಆ್ಯಪ್ ಒಂದು ಗಂಟೆಗೆ 2 ಮಿ.ಮೀ. ಎನ್ನುತ್ತದೆ, ನಿಜವಾದ ಮಳೆ ಸಂಜೆ ಐದಕ್ಕೆ ಬಾಯಾರಿನಲ್ಲಿ 40 ಮಿ.ಮೀ. ಸುರಿದು ಪೆರ್ಲಕ್ಕೆ ಬರಿ ಗುಡುಗು ಕೇಳಿಸಿ ಹೋಗುತ್ತದೆ.

ಇನ್ನು ಹವಾಮಾನ ಇಲಾಖೆಯ ವರದಿ. ಕಾಸರಗೋಡು ‘ಕೇರಳ ಮತ್ತು ಮಾಹೆ’ ವಿಭಾಗಕ್ಕೆ ಸೇರಿದ್ದು, ವರದಿ ಬರುವುದು ತಿರುವನಂತಪುರದಿಂದ. ತಲಪಾಡಿ ದಾಟಿದರೆ ‘ಕರಾವಳಿ ಕರ್ನಾಟಕ’, ಅದರದು ಬೆಂಗಳೂರಿನಿಂದ. ಪೆರ್ಲ, ಬಾಯಾರು, ವರ್ಕಾಡಿ ಕಡೆಯವರು ಎರಡನ್ನೂ ನೋಡುವುದು ಒಳ್ಳೆಯದು. ಮೋಡಕ್ಕೆ ಗಡಿ ಗೊತ್ತಿಲ್ಲ, ಪುತ್ತೂರು-ಸುಳ್ಯದ ಮಳೆಯೇ ಎಷ್ಟೋ ಸಲ ನಿಮ್ಮ ಮಳೆ.

ವರದಿ ಓದುವಾಗ ಜನ ಎಡವುವುದು ದಿನಾಂಕದಲ್ಲಿ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. 10ನೇ ತಾರೀಕಿನ ಮಳೆ ಲೆಕ್ಕದಲ್ಲಿ 25 ಮಿ.ಮೀ. ಎಂದಿದ್ದರೆ ಅದು 9ರ ಸಂಜೆ ಬಿದ್ದದ್ದಾಗಿರಬಹುದು. ಹಾಗೆಯೇ ಮೊದಲ ದಿನದ ಮುನ್ಸೂಚನೆ ಎಂದರೆ ನಾಳೆ ಬೆಳಗಿನವರೆಗಿನದ್ದು. ಎರಡನೆಯದಾಗಿ, ‘ಒಂದೆರಡು ಕಡೆ’ ಎಂದರೆ 25%ಕ್ಕಿಂತ ಹೆಚ್ಚಿಲ್ಲದಷ್ಟು ಕೇಂದ್ರಗಳಲ್ಲಿ ಮಳೆ, ‘ಕೆಲವು ಕಡೆ’ 26ರಿಂದ 50%, ‘ಹಲವು ಕಡೆ’ 51ರಿಂದ 75%, ಅದರಾಚೆಗೆ ‘ಬಹುತೇಕ ಎಲ್ಲ ಕಡೆ’. ಏಪ್ರಿಲ್‌ನಲ್ಲಿ ಹೆಚ್ಚಿನ ದಿನ ಕಾಣುವುದು ‘ಒಂದೆರಡು ಕಡೆ’. ಅಂದರೆ ನಾಲ್ಕು ಊರಿನಲ್ಲಿ ಮೂರಕ್ಕೆ ಮಳೆ ಇಲ್ಲ, ಮುನ್ಸೂಚನೆ ಮಾತ್ರ ಸರಿಯಾಗಿಯೇ ಇದೆ. ‘ಕೆಲವು ಕಡೆ’ ಎಂದು ಬದಲಾದ ದಿನ ಎಚ್ಚರವಾಗಬೇಕು, ‘ಹಲವು ಕಡೆ’ ಎಂದರೆ ಅಡಿಕೆ ಹೊರಗೆ ಹಾಕಲೇಬೇಡಿ.

ಇನ್ನೊಂದು ತಪ್ಪು ಬಣ್ಣದ್ದು. ಮಳೆಯ ಯೆಲ್ಲೋ ಅಲರ್ಟ್ ಕೊಡುವುದು 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬೀಳಬಹುದು ಎಂದಿದ್ದರೆ. ಹಸಿರು ಬಣ್ಣವಿದ್ದ ದಿನವೂ ಅರ್ಧ ಗಂಟೆಯಲ್ಲಿ 30 ಮಿ.ಮೀ. ಸುರಿದು ಅಂಗಳದ ಅಡಿಕೆಯನ್ನು ತೋಡಿಗೆ ಕೊಂಡುಹೋಗಬಹುದು. ಬಣ್ಣ ಇರುವುದು ಅಪಾಯಕ್ಕೆ, ಅಡಿಕೆಗಲ್ಲ. ನಮಗೆ ಬೇಕಾದ್ದು ಬಣ್ಣದ ಕೆಳಗೆ ಬರೆದ ಗುಡುಗು-ಮಿಂಚು ಮತ್ತು ಗಾಳಿಯ ಸಾಲು. ಗಾಳಿ ಗಂಟೆಗೆ 30–40 ಕಿ.ಮೀ. ಎಂದಿದ್ದರೆ ಮಾಮೂಲು, 40–50 ಎಂದಿದ್ದರೆ ಗೊನೆ ಬಿಟ್ಟ ನೇಂದ್ರ ಬಾಳೆಗೆ ಊರುಗೋಲು ಕೊಟ್ಟದ್ದು ಸಾಲದು, ಹಗ್ಗವನ್ನೂ ಕಟ್ಟಿ.

ಅದೇ ವರದಿಯಲ್ಲಿ ವಿದರ್ಭದಿಂದ ಒಳನಾಡು ಕರ್ನಾಟಕದ ಮೇಲಾಗಿ ಕೇರಳ ಅಥವಾ ತಮಿಳುನಾಡಿನವರೆಗೆ ಉತ್ತರ-ದಕ್ಷಿಣವಾಗಿ ತಗ್ಗು ಒತ್ತಡದ ಪಟ್ಟಿ ಇದೆ ಎಂಬ ಸಾಲು ಕಂಡರೆ ಬಿಡಬೇಡಿ. ನನ್ನ ದೃಷ್ಟಿಯಲ್ಲಿ ಬೇಸಗೆಯ ಮುನ್ಸೂಚನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗದ ಸಾಲು ಅದೇ. ಆ ಪಟ್ಟಿ ನಿಂತಿರುವಷ್ಟು ದಿನ ಘಟ್ಟದಲ್ಲಿ ಸಂಜೆ ಮಳೆ ಏಳುತ್ತಲೇ ಇರುತ್ತದೆ, ಅದು ಸಡಿಲವಾದರೆ ಮೂರು-ನಾಲ್ಕು ದಿನ ಒಳ್ಳೆ ಬಿಸಿಲು ಸಿಗುತ್ತದೆ.

ಘಟ್ಟದಲ್ಲಿ ಎದ್ದ ಮೋಡ ನಿಮ್ಮ ಕಡೆ ಬರುತ್ತದೋ ಇಲ್ಲವೋ ಎಂಬುದನ್ನು ಮೇಲಿನ ಗಾಳಿ ನಿರ್ಧರಿಸುತ್ತದೆ. ಮೊಬೈಲಿನಲ್ಲಿ ವಿಂಡಿ ಆ್ಯಪ್ ಇದ್ದರೆ ಮಳೆಯ ಪುಟ ಬಿಟ್ಟು ಗಾಳಿಯ ಪುಟ ತೆರೆಯಿರಿ, ಎತ್ತರವನ್ನು 700 ಹೆಕ್ಟೊಪಾಸ್ಕಲ್‌ಗೆ, ಅಂದರೆ ಸುಮಾರು 3 ಕಿ.ಮೀ. ಎತ್ತರಕ್ಕೆ ಇಟ್ಟು ಸಂಜೆ ನಾಲ್ಕರ ಚಿತ್ರ ನೋಡಿ. ಗಾಳಿ ಮೂಡಣ ಕಡೆಯಿಂದ ಬೀಸುತ್ತಿದ್ದರೆ ಕೊಡಗು-ಸುಳ್ಯದ ಮೋಡ ಪಡುವಣಕ್ಕೆ ಸರಿದು ನಾಲ್ಕರಿಂದ ಎಂಟರ ನಡುವೆ ನಿಮ್ಮ ತಲೆ ಮೇಲೆ ಬರುತ್ತದೆ. ಪಶ್ಚಿಮದ ಗಾಳಿಯಾದರೆ ಮೋಡ ಘಟ್ಟ ಹತ್ತಿ ಆಚೆಗೇ ಹೋಗುತ್ತದೆ. ಪಾಣತ್ತೂರು, ಬಂದಡ್ಕಕ್ಕೆ ನಾಲ್ಕು ಹನಿ, ಪೆರ್ಲಕ್ಕೆ ಬರಿ ಸೆಕೆ. ಈ ಒಂದು ನೋಟ ಆ್ಯಪ್‌ನ ಮಳೆ ಚಿಹ್ನೆಗಿಂತ ಹೆಚ್ಚು ಸಲ ಸರಿಹೋಗುತ್ತದೆ.

ಮಧ್ಯಾಹ್ನ ಒಂದೂವರೆಗೆ ಇನ್ಸಾಟ್ ಉಪಗ್ರಹದ ಚಿತ್ರಗಳನ್ನು ಒಂದರ ಮೇಲೊಂದು ಓಡಿಸಿ ನೋಡಿ, ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಘಟ್ಟದ ಮೇಲೆ ಬಿಳಿ ಚುಕ್ಕೆ ಮೂಡಿ ಅರ್ಧ ಗಂಟೆಯಲ್ಲಿ ಇಮ್ಮಡಿಯಾದರೆ ಎರಡೂವರೆಯೊಳಗೆ ಅಡಿಕೆ ರಾಶಿ ಮಾಡಿ. ಎರಡು ಗಂಟೆಯಾದರೂ ಆಕಾಶ ಖಾಲಿಯಿದ್ದು ಕಡಲ ಗಾಳಿ ಚೆನ್ನಾಗಿ ಬೀಸುತ್ತಿದ್ದರೆ ಐದರವರೆಗೆ ಬಿಡಬಹುದು. ಇಲಾಖೆಯ ಮೌಸಮ್ ಆ್ಯಪ್‌ನಲ್ಲಿ ಜಿಲ್ಲಾವಾರು ಮೂರು ಗಂಟೆಯ ಮುನ್ನೆಚ್ಚರಿಕೆಯೂ ಬರುತ್ತದೆ. ಆದರೆ ಅದು ಇಡೀ ಜಿಲ್ಲೆಗೆ ಒಂದೇ. ತೃಕ್ಕರಿಪುರದ ಗುಡುಗಿಗೂ ಮಂಜೇಶ್ವರದವರ ಮೊಬೈಲ್ ಬಡಿದುಕೊಳ್ಳುತ್ತದೆ.

ಒಣಗಿಸುವ ವಿಷಯದಲ್ಲಿ ಒಂದು ಮಾತು. ಚಾಲಿಗೆ, ಅಂದರೆ ಸಿಪ್ಪೆಯೊಂದಿಗೇ ಒಣಗಿಸಿ ಸುಲಿಯುವ ಅಡಿಕೆಗೆ, 35ರಿಂದ 45 ದಿನದ ಬಿಸಿಲು ಬೇಕು. ಅದರಲ್ಲಿ ಮೂರು-ನಾಲ್ಕು ದಿನ ಅರ್ಧರ್ಧ ಬಿಸಿಲು ಸಿಕ್ಕಿದರೆ ದೊಡ್ಡ ನಷ್ಟವಿಲ್ಲ, ಒಂದು ಸಲ ನೆನೆದರೆ ಇದೆ. ಕಾಡುವುದು ಹೆಚ್ಚಾಗಿ ಮಳೆಯ ನಂತರ. ಕಾದ ಅಡಿಕೆಯನ್ನು ರಾಶಿ ಹಾಕಿ ಮೇಲೆ ಟರ್ಪಾಲು ಬಿಗಿದರೆ ಒಳಗಿನ ಬಿಸಿಗೆ ಟರ್ಪಾಲಿನ ಅಡಿಯಲ್ಲಿ ನೀರು ಬೆವರಿ ಮೇಲಿನ ಪದರದ ಮೇಲೆ ಹನಿಯುತ್ತದೆ, ಮರುದಿನ ತೆರೆದರೆ ಬೂಷ್ಟು. ಟರ್ಪಾಲು ರಾಶಿಗೆ ತಾಗದಂತೆ ನಡುವೆ ಕೋಲು ಕೊಟ್ಟು ಎರಡು ಬದಿ ಗಾಳಿಯಾಡಲು ಬಿಡಿ, ಮಳೆ ನಿಂತ ಕೂಡಲೇ ತೆರೆಯಿರಿ. ನೆನೆದೇ ಹೋಯಿತೆಂದರೆ ರಾಶಿ ಹಾಕಲೇಬಾರದು. ಜಗಲಿಯಲ್ಲಿ ಒಂದೇ ಪದರ ಹರಡಿ ಫ್ಯಾನ್ ಹಾಕಿ. ಹಲಸಿನ ಹಪ್ಪಳ ಮಾಡುವ ಮನೆಯವರಿಗೂ ಇದೇ ಲೆಕ್ಕ. ಆದರೆ ಹಪ್ಪಳಕ್ಕೆ ಮೊದಲ ದಿನದ ಬಿಸಿಲೇ ಮುಖ್ಯ, ‘ಕೆಲವು ಕಡೆ’ ಎಂದ ದಿನ ಒತ್ತಲು ಕೂರಬೇಡಿ.

ನೀರಿನ ಲೆಕ್ಕವನ್ನೂ ಕೇಳಿದ್ದೀರಿ. ಒಂದು ಮಳೆ ಬಂದರೆ ಸ್ಪ್ರಿಂಕ್ಲರ್ ನಿಲ್ಲಿಸುವವರು ಬಹಳ. ಲೆಕ್ಕ ಹಾಕಿ ನೋಡಿ: 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್. 2.7 ಮೀಟರ್ ಅಂತರದ ತೋಟದಲ್ಲಿ ಒಂದು ಮರದ ಪಾಲಿಗೆ ಸುಮಾರು 7.3 ಚದರ ಮೀಟರ್ ಜಾಗ. ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಕೊಡಬೇಕೆಂಬುದು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು. 175ನ್ನು 7.3ರಿಂದ ಭಾಗಿಸಿದರೆ 24 ಮಿ.ಮೀ. ಅಂದರೆ 10 ಮಿ.ಮೀ. ಮಳೆ ಮರಕ್ಕೆ ಕೊಟ್ಟದ್ದು 73 ಲೀಟರ್, ಅದರಲ್ಲೂ ಸೋಗೆಯ ಮೇಲೆ ಉಳಿದು ಆರಿದ್ದು ಬೇರೆ. ಒಂದು ಸರದಿ ತಪ್ಪಿಸಬೇಕಾದರೆ 25 ಮಿ.ಮೀ. ಆದರೂ ಬಿದ್ದಿರಬೇಕು. ಡ್ರಿಪ್ಪಿನವರಿಗೆ ದಿನಕ್ಕೆ 16–20 ಲೀಟರ್, ಅಂದರೆ ಎರಡೂವರೆ ಮಿ.ಮೀ. ಆಸುಪಾಸು. ಅಳೆಯಲು ನೇರ ಗೋಡೆಯ ಸ್ಟೀಲ್ ಡಬ್ಬಿ ಮತ್ತು ಶಾಲೆ ಮಕ್ಕಳ ಸ್ಕೇಲು ಸಾಕು. ಮರ-ಮಾಡಿನಿಂದ ದೂರ, ಅವುಗಳ ಎತ್ತರದ ಎರಡು ಪಟ್ಟು ಆಚೆ ಇಡಿ, ಬೆಳಿಗ್ಗೆ 8.30ಕ್ಕೇ ಅಳೆಯಿರಿ. ಆಗ ನಿಮ್ಮ ಅಂಕಿಯನ್ನು ಇಲಾಖೆಯ ಅಂಕಿಯ ಪಕ್ಕ ಇಟ್ಟು ನೋಡಬಹುದು.

ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ವರದಿಯಲ್ಲಿ ಮುಂದಿನ ಐದು ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿ, ಮೋಡ ಎಲ್ಲ ಕೋಷ್ಟಕದಲ್ಲಿರುತ್ತವೆ. ಮೇಘದೂತ್ ಆ್ಯಪ್‌ನಲ್ಲೂ ಸಿಗುತ್ತದೆ. ಮೋಡದ ಅಂಕಿ 0ಯಿಂದ 8ರವರೆಗೆ. 0 ಎಂದರೆ ಶುಭ್ರ, 8 ಎಂದರೆ ಆಕಾಶ ಪೂರ್ತಿ ಮುಚ್ಚಿದೆ. ಬ್ಲಾಕ್‌ವಾರು ಅಂಕಿ ನೋಡುವಾಗ ಪೆರ್ಲ ಇರುವ ಎಣ್ಮಕಜೆ ಪಂಚಾಯತು ಮಂಜೇಶ್ವರ ಬ್ಲಾಕಿಗೆ, ಬದಿಯಡ್ಕ ಕಾಸರಗೋಡು ಬ್ಲಾಕಿಗೆ, ಬೆಳ್ಳೂರು-ದೇಲಂಪಾಡಿ ಕಾರಡ್ಕ ಬ್ಲಾಕಿಗೆ ಸೇರಿವೆ ಎಂಬುದು ನೆನಪಿರಲಿ. ಮಂಜೇಶ್ವರ ಬ್ಲಾಕು ಕಡಲ ತೀರದಿಂದ ಕರ್ನಾಟಕದ ಗಡಿಯವರೆಗೆ ಚಾಚಿದೆ. ಅದರ ಒಂದೇ ಅಂಕಿ ಉಪ್ಪಳಕ್ಕೂ ಪೆರ್ಲಕ್ಕೂ ಒಟ್ಟಿಗೆ ಹೊಂದುವುದು ಅಪರೂಪ. ಗುಡುಗಿನ ಮಳೆಗೆ ನಿಮ್ಮ ಕಡೆ ಸ್ವಲ್ಪ ಹೆಚ್ಚಿಗೆ ಹಿಡಿಯಿರಿ.

ಸಿಡಿಲಿನ ವಿಷಯ ಮಾತ್ರ ಅಂದಾಜಿಗೆ ಬಿಡಬೇಡಿ. ಈ ತಿಂಗಳುಗಳಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು ಅಪಾಯದ ಹೊತ್ತು. ದಾಮಿನಿ ಆ್ಯಪ್ ನೀವಿರುವಲ್ಲಿಂದ 20 ಮತ್ತು 40 ಕಿ.ಮೀ. ದೂರದೊಳಗಿನ ಮಿಂಚು ತೋರಿಸುತ್ತದೆ. ಆ್ಯಪ್ ಇಲ್ಲದಿದ್ದರೆ ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ, ಕೆಲಸ ಬಿಟ್ಟು ಮನೆಯೊಳಗೆ ಬನ್ನಿ. ಕಾರ್ಬನ್ ಫೈಬರ್ ದೋಟಿ ಲೋಹವಲ್ಲ ಎಂದು ಧೈರ್ಯ ಮಾಡುವವರಿದ್ದಾರೆ. ಕಾರ್ಬನ್ ಕೂಡ ವಿದ್ಯುತ್ ಹರಿಸುತ್ತದೆ, ಅದನ್ನು ಎತ್ತಿ ಹಿಡಿದು ತೋಟದಲ್ಲಿ ನಿಲ್ಲುವುದು ಅಲ್ಯೂಮಿನಿಯಂ ದೋಟಿ ಹಿಡಿದು ನಿಂತಷ್ಟೇ ಕೆಟ್ಟದ್ದು. ಅಂಗಳದ ಅಡಿಕೆ ನೆನೆಯುತ್ತಿದ್ದರೂ ಆ ಹೊತ್ತಿಗೆ ಓಡಬೇಡಿ. ಪಂಪಿನ ಮೈನ್ ಸ್ವಿಚ್ಚು ಗುಡುಗು ಶುರುವಾಗುವ ಮೊದಲೇ ತೆಗೆದಿರಬೇಕು.

ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಕೊಳೆಯಿಸಿ ಉದುರಿಸುವ ಕೊಳೆರೋಗಕ್ಕೆ ಮೊದಲ ಮದ್ದು ಬಿಡುವ ದಿನದ ಬಗ್ಗೆ. ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಆಸುಪಾಸು) ಕಳೆಯಿತು, ಇನ್ನೇನು ಮಳೆಗಾಲ ಎಂದು ಗಡಿಬಿಡಿ ಮಾಡುವವರಿಗೂ ‘ಜೂನ್ 1 ಆಗಲಿ’ ಎಂದು ಕಾಯುವವರಿಗೂ ಹೇಳುವುದು ಇದೇ: ಜೂನ್ 1 ಬರೀ ಸರಾಸರಿ. ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಇಲಾಖೆ ಮೇ ಮಧ್ಯದಲ್ಲಿ ಒಂದು ದಿನ ಹೇಳುತ್ತದೆ, ಅದರಲ್ಲಿ ನಾಲ್ಕು ದಿನ ಹಿಂದೆಮುಂದೆ ಆಗಬಹುದು. ಘೋಷಣೆ ಮಾಡುವುದು ಮೇ 10ರ ನಂತರ 14 ಕೇಂದ್ರಗಳ ಪೈಕಿ 60%ರಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಿ, ಪಶ್ಚಿಮದ ಗಾಳಿಯ ಆಳ-ಬಲ ಮತ್ತು ಮೋಡದ ಹೊದಿಕೆಯ ಷರತ್ತುಗಳೂ ಕೂಡಿಬಂದರೆ. ಆ 14ರಲ್ಲಿ ನಮ್ಮ ಕಾಸರಗೋಡಿನ ಕೂಡ್ಲು ಇದೆ, ಮಂಗಳೂರೂ ಇದೆ; ಉಳಿದವು ದಕ್ಷಿಣದಲ್ಲಿ ಮತ್ತು ಲಕ್ಷದ್ವೀಪದಲ್ಲಿ. ಹಾಗಾಗಿ ಘೋಷಣೆಯ ದಿನ ಪೆರ್ಲದಲ್ಲಿ ಬಿಸಿಲಿದ್ದರೆ ಆಶ್ಚರ್ಯವಿಲ್ಲ.

ಗುರುವಾರಗಳಂದು ಬರುವ ವಿಸ್ತೃತ ಮುನ್ಸೂಚನೆಯಲ್ಲಿ ಮುಂದಿನ ವಾರ ಕೇರಳ ಮತ್ತು ಕರಾವಳಿ ಕರ್ನಾಟಕ ಎರಡಕ್ಕೂ ವಾಡಿಕೆಗಿಂತ ಹೆಚ್ಚು ಮಳೆ ಎಂದಿದ್ದರೆ ಆಳುಗಳನ್ನು ಈ ವಾರಕ್ಕೇ ಕರೆಯಿರಿ. ಸಂಜೆ ಬರುತ್ತಿದ್ದ ಮಳೆ ರಾತ್ರಿಗೆ, ಬೆಳಗಿನ ಜಾವಕ್ಕೆ ಹೊರಳಿದರೆ ಗಾಳಿ ತಿರುಗಿತು ಎಂದೇ ತಿಳಿಯಿರಿ. ಆ ಮದ್ದಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ಒಟ್ಟು ನೀರು 100 ಲೀಟರ್. ಕಲಸಿದ ದಿನವೇ ಖರ್ಚಾಗಬೇಕು. ಬೇಸಗೆ ಮಳೆಯ ದಿನಗಳಲ್ಲಿ ಬೆಳಿಗ್ಗೆ ಬೇಗ ಶುರುಮಾಡಿ ಹನ್ನೊಂದರೊಳಗೆ ಮುಗಿಸಿದರೆ ಸಂಜೆಯ ಗುಡುಗಿಗೆ ಮೊದಲು ಗೊನೆಯ ಮೇಲೆ ಮದ್ದು ಒಣಗಲು ನಾಲ್ಕೈದು ಗಂಟೆ ಸಿಗುತ್ತದೆ. ಎರಡನೆಯದು 40–45 ದಿನ ಕಳೆದ ಮೇಲೆ.