ಕೋತಿ ನೋಡಲು ಹೋಗಿ ಚೀಲ ನೋಡಿದ ಕಥೆ

ಹೋದ ಸಂಚಿಕೆಯಲ್ಲಿ ಪೆರು ದೇಶದ ನಾಸ್ಕಾ ಮರುಭೂಮಿಯ ನೆಲದ ಮೇಲೆ ಹಿಂದಿನ ಕಾಲದವರು ಬರೆದಿಟ್ಟ ದೊಡ್ಡ ದೊಡ್ಡ ಗೆರೆಚಿತ್ರಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸಣ್ಣ ವಿಮಾನದಲ್ಲಿ ಕೂತು ನೋಡಿ ಬಂದೆ ಅಂತ ಬಾಯಿ ತಪ್ಪಿ ಹೇಳಿದ್ದೇ ಬಂತು, ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಪತ್ರವೋ ಪತ್ರ. ಅದರಲ್ಲಿ ನಾಲ್ಕಕ್ಕೆ ಈ ಸಲ ಉತ್ತರ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಮುಂದಿನ ವರ್ಷ ಪೆರುಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ನನಗೆ 62. ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಆಗುತ್ತೆ. ಆ ವಿಮಾನ ಹತ್ತಬಹುದಾ? (ಗೃಹಿಣಿ, ದಾವಣಗೆರೆ)

ಹತ್ತಬಹುದು ಅಮ್ಮಾ, ಆದರೆ ಆಗುಂಬೆಯನ್ನು ನೆನಪಿನಲ್ಲಿಟ್ಟುಕೊಂಡೇ ಹತ್ತಿ. ಅಲ್ಲಿರುವುದು 14 ತಿರುವು. ಇಲ್ಲಿ ಅರ್ಧ ಗಂಟೆಯ ಹಾರಾಟ ಪೂರ್ತಿ ತಿರುವೇ. ವಿಮಾನ ಅಂದರೆ ಪುಟ್ಟ ಸೆಸ್ನಾ, ಹೆಚ್ಚೆಂದರೆ ಹತ್ತು ಹನ್ನೆರಡು ಜನ. ಎರಡೂ ಕಡೆ ಕಿಟಕಿಯಲ್ಲಿ ಕೂತವರಿಗೆ ಚಿತ್ರ ಕಾಣಬೇಕಲ್ಲ, ಅದಕ್ಕೆ ಪೈಲಟ್ ಪ್ರತಿ ಚಿತ್ರದ ಮೇಲೂ ಒಮ್ಮೆ ಬಲಕ್ಕೆ ವಾಲಿಸಿ ಸುತ್ತು ಹಾಕುತ್ತಾನೆ, ತಕ್ಷಣ ಎಡಕ್ಕೆ ವಾಲಿಸಿ ಇನ್ನೊಂದು ಸುತ್ತು. ಹತ್ತಕ್ಕಿಂತ ಜಾಸ್ತಿ ಚಿತ್ರಗಳಿಗೆ ಇದೇ ಆಟ.

ನನ್ನ ಕಥೆ ಕೇಳಿ. ಏಜೆಂಟ್ ಒಬ್ಬ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಹಾರಿಸುತ್ತೇನೆ ಅಂದಿದ್ದ. ಮಂಜು ಕವಿದಿತ್ತು, ಹನ್ನೊಂದಾದರೂ ವಿಮಾನ ಮೇಲೇಳಲಿಲ್ಲ. ಕಾಯುತ್ತಾ ಕೂತವನು ಸುಮ್ನೆ ಇರಬಾರದಾ, ಊರಿನಿಂದ ಹೊತ್ತುಕೊಂಡು ಹೋಗಿದ್ದ ಖಾರ ಮಂಡಕ್ಕಿ ಡಬ್ಬಿ ಖಾಲಿ ಮಾಡಿದೆ. ತಿಮಿಂಗಿಲ ನೋಡಿದೆ, ಬೆಟ್ಟದ ಇಳಿಜಾರಿನಲ್ಲಿ ಕೈ ಎತ್ತಿ ನಿಂತ ಮನುಷ್ಯನನ್ನೂ ನೋಡಿದೆ. ಅಷ್ಟರಲ್ಲಿ ಹೊಟ್ಟೆ ತೊಳೆಸಲು ಶುರುವಾಯಿತು. ಪೈಲಟ್ ‘ಮಂಕಿ, ಮಂಕಿ’ ಅಂತ ಕೂಗುತ್ತಿದ್ದಾನೆ, ನಾನು ಸೀಟಿನ ಹಿಂದಿನ ಕಾಗದದ ಚೀಲದೊಳಗೆ ಮುಖ ಇಟ್ಟಿದ್ದೇನೆ. ದುರ್ಗದ ಕೋಟೆಯಲ್ಲಿ ಕೋತಿಗಳಿಗೆ ಕಡಲೆಕಾಯಿ ಕೊಟ್ಟು ಬೆಳೆದವನು ನಾನು, ಅಷ್ಟು ದೂರ ಹೋಗಿ ಆ ಸುರುಳಿ ಬಾಲದ ಕೋತಿಯನ್ನೇ ನೋಡಲಿಲ್ಲ!

ಆದ್ದರಿಂದ ಹಿಂದಿನ ರಾತ್ರಿ ಮಿತವಾಗಿ ಊಟ ಮಾಡಿ, ಬೆಳಗ್ಗೆ ಒಂದು ಬಾಳೆಹಣ್ಣಿನ ಮೇಲೆ ಏನೂ ಬೇಡ. ವಾಂತಿ ತಡೆಯುವ ಮಾತ್ರೆಯನ್ನು ನಿಮ್ಮ ಡಾಕ್ಟರ್ ಹತ್ತಿರ ಇಲ್ಲೇ ಬರೆಸಿಕೊಂಡು ಹೋಗಿ. ಬಿಪಿ, ಹೃದಯದ ತೊಂದರೆ ಇದ್ದರೆ ಅದನ್ನೂ ಅವರಿಗೆ ಹೇಳಿ. ತೂಕ ನೋಡಿ ಸೀಟು ಕೊಡುತ್ತಾರೆ, ಮಗನ ಪಕ್ಕವೇ ಬೇಕು ಅಂತ ಹಟ ಮಾಡಿದರೆ ನಡೆಯಲ್ಲ. ಮಧ್ಯಾಹ್ನ ಗಾಳಿ ಎದ್ದು ವಿಮಾನ ಜಾಸ್ತಿ ಕುಲುಕುತ್ತೆ, ಬೆಳಗಿನ ಹೊತ್ತೇ ವಾಸಿ. ಮಂಜು ಇದ್ದರೆ ಆ ಬೆಳಗ್ಗೆಯೂ ಕಾಯಬೇಕು, ಅದಕ್ಕೆ ನಾಸ್ಕಾ ಊರಿನಲ್ಲಿ ಒಂದು ರಾತ್ರಿ ಉಳಿಯುವ ಲೆಕ್ಕ ಹಾಕಿಕೊಳ್ಳಿ. ರಾಜಧಾನಿ ಲೀಮಾದಿಂದ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಮುಕ್ಕಾಲು ದಾರಿ ವಾಪಸ್ ಬಂದಷ್ಟಾಯಿತು. ಒಂದೇ ದಿನದಲ್ಲಿ ಹೋಗಿ ಬರಲು ಹೊರಟರೆ ನನ್ನ ಗತಿಯೇ.

ಮುಚ್ಚಿಡುವುದು ಬೇಡ, ಅಲ್ಲಿ 2010ರಲ್ಲೂ 2022ರಲ್ಲೂ ಇಂಥ ಸಣ್ಣ ವಿಮಾನಗಳು ಬಿದ್ದು ಜನ ಸತ್ತಿದ್ದಾರೆ. ಮಗನಿಗೆ ಹೇಳಿ, ಎಲ್ಲಿ ಕಡಿಮೆ ರೇಟು ಅಂತ ಹುಡುಕುವುದು ಬೇಡ, ಕಂಪನಿಯ ಹೆಸರು ಹೇಗಿದೆ ಅಂತ ವಿಚಾರಿಸಲಿ.

ಇನ್ನೊಂದು ವಿಷಯ. ಗೆರೆಗಳು ನೀವು ಅಂದುಕೊಂಡಷ್ಟು ದಪ್ಪ ಕಾಣುವುದಿಲ್ಲ. ಹಮ್ಮಿಂಗ್‌ಬರ್ಡ್ ಅನ್ನುವ ಹಕ್ಕಿಯ ಚಿತ್ರ 90 ಮೀಟರಿಗಿಂತ ಉದ್ದ, ಮೇಲಿಂದ ನೋಡಿದರೆ ಅಂಗೈಯಷ್ಟೇ. ಪೈಲಟ್ ರೆಕ್ಕೆಯ ತುದಿ ತೋರಿಸುತ್ತಾನೆ, ಅದರ ಕೆಳಗೆ ಕಣ್ಣಿಡಿ. ಮೊಬೈಲ್ ಹಿಡಿದು ಹುಡುಕುವಷ್ಟರಲ್ಲಿ ಚಿತ್ರ ಹಿಂದೆ ಹೋಗಿರುತ್ತೆ.

ಕೊನೆಗೂ ಧೈರ್ಯ ಬರಲಿಲ್ಲವಾ? ಹೆದ್ದಾರಿ ಪಕ್ಕದಲ್ಲೇ ಒಂದು ಕಬ್ಬಿಣದ ವೀಕ್ಷಣಾ ಗೋಪುರ ಇದೆ. ಮೆಟ್ಟಿಲು ಹತ್ತಿದರೆ ‘ಕೈಗಳು’ ಮತ್ತು ‘ಮರ’ ಕಾಣುತ್ತವೆ. ಪಕ್ಕದಲ್ಲಿ ಒಂದು ಹಲ್ಲಿಯೂ ಇದೆ, ಪಾಪ, ಪ್ಯಾನ್ ಅಮೆರಿಕನ್ ಹೆದ್ದಾರಿ ಹಾಕುವಾಗ ಅದರ ಮೈಮೇಲೆಯೇ ರಸ್ತೆ ಎಳೆದುಬಿಟ್ಟಿದ್ದಾರೆ.

ಪ್ರಶ್ನೆ: ವಿಮಾನವೇ ಇಲ್ಲದ ಕಾಲದಲ್ಲಿ ಮೇಲಿಂದ ಮಾತ್ರ ಕಾಣುವ ಚಿತ್ರ ಬರೆದವರು ಯಾರು? ಅನ್ಯಗ್ರಹದವರು ಅಂತಾರಲ್ಲ ಸರ್? (ಪದವಿ ವಿದ್ಯಾರ್ಥಿ, ಚಿತ್ರದುರ್ಗ)

ತಮ್ಮಾ, ನಿಮ್ಮ ಬೀದಿಯಲ್ಲಿ ಹಬ್ಬದ ದಿನ ಅಂಗಳದ ತುಂಬಾ ರಂಗೋಲಿ ಹಾಕುವ ಅಜ್ಜಿ ಮಾಳಿಗೆ ಹತ್ತಿ ನೋಡಿಕೊಂಡು ಹಾಕುತ್ತಾರಾ? ಬಗ್ಗಿಕೊಂಡೇ ಹಾಕುತ್ತಾರೆ, ಆದರೂ ಗೆರೆ ಹೋಗಿ ಸರಿಯಾಗಿ ಶುರುವಾದ ಕಡೆಯೇ ಸೇರುತ್ತೆ. ನಾಸ್ಕಾದ ಎಷ್ಟೋ ಪ್ರಾಣಿಗಳನ್ನೂ ಅಲ್ಲಿನ ಹಿಂದಿನ ಕಾಲದ ಜನರೇ ನಮ್ಮ ಎಳೆ ರಂಗೋಲಿ ಹಾಗೆ ಒಂದೇ ಗೆರೆಯಲ್ಲಿ ಬರೆದಿದ್ದಾರೆ. ಆ ಗೆರೆಯ ಮೇಲೆ ಕಾಲಿಟ್ಟು ಹೊರಟರೆ ಎಲ್ಲೂ ದಾಟದೆ ಸುತ್ತಿ ಬರಬಹುದು. ಜನ ಅದರ ಮೇಲೆ ಪೂಜೆಗೋ ಹರಕೆಗೋ ನಡೆಯುತ್ತಿದ್ದರು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಗೆರೆಗಳ ಉದ್ದಕ್ಕೂ ಒಡೆದ ಮಡಕೆ ಚೂರು ಸಿಕ್ಕಿವೆ, ಕೆಲವು ಗೆರೆಗಳ ತುದಿಯಲ್ಲಿ ಮರದ ಗೂಟವೂ ಸಿಕ್ಕಿದೆ.

ಗೂಟ ಮತ್ತು ಹಗ್ಗ, ಇಷ್ಟೇ ಸಾಕು. 1982ರಲ್ಲಿ ಅಮೆರಿಕದ ಜೋ ನಿಕೆಲ್ ಅನ್ನುವವರು ಮನೆಯವರನ್ನೇ ಸೇರಿಸಿಕೊಂಡು, ಬರೀ ಗೂಟ ಮತ್ತು ದಾರದಿಂದ, ನಾಸ್ಕಾದ 440 ಅಡಿಯ ಹದ್ದನ್ನು ಒಂದು ಹೊಲದಲ್ಲಿ ಬರೆದು ತೋರಿಸಿದರು. ಒಂದೂವರೆ ದಿನದ ಕೆಲಸ.

‘ಮೇಲಿಂದ ಮಾತ್ರ’ ಅನ್ನುವುದೂ ಸರಿಯಲ್ಲ. 2024ರಲ್ಲಿ ಜಪಾನಿನ ಯಮಗಾತ ವಿಶ್ವವಿದ್ಯಾಲಯದವರು ಕೃತಕ ಬುದ್ಧಿಮತ್ತೆಯ ಸಹಾಯದಿಂದ 303 ಹೊಸ ಚಿತ್ರ ಹುಡುಕಿದರು. ಹೆಚ್ಚಿನವು ಚಿಕ್ಕವು, ಸುಮಾರು 9 ಮೀಟರಿನವು. ಕಾಲುದಾರಿಯ ಪಕ್ಕದಲ್ಲೇ ಇವೆ, ನಡೆದು ಹೋಗುವವರಿಗೆ ಕಾಣಲಿ ಅಂತಲೇ ಬರೆದ ಹಾಗಿವೆ. ನಾಸ್ಕಾ ಹತ್ತಿರದ ಪಾಲ್ಪಾ ಕಡೆ ಬೆಟ್ಟದ ಇಳಿಜಾರಿನ ಚಿತ್ರಗಳಂತೂ ಕೆಳಗೆ ನಿಂತವರಿಗೇ ಕಾಣುತ್ತವೆ.

ಯಾಕೆ ಬರೆದರು ಅನ್ನುವುದಕ್ಕೆ ಜಗಳ ಇನ್ನೂ ಮುಗಿದಿಲ್ಲ. 1941ರಲ್ಲಿ ಇತಿಹಾಸಕಾರ ಪಾಲ್ ಕೊಸೊಕ್ ಒಂದು ಗೆರೆಯ ತುದಿಯಲ್ಲೇ ಸೂರ್ಯ ಮುಳುಗಿದ್ದನ್ನು ನೋಡಿ, ಇದು ಪಂಚಾಂಗ ಇರಬೇಕು ಅಂದರು. 1968ರಲ್ಲಿ ಖಗೋಳ ವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಹೆಚ್ಚಿನ ಗೆರೆಗಳು ಆಕಾಶಕ್ಕೆ ತಾಳೆಯಾಗಲಿಲ್ಲ. ನನಗಂತೂ ನೀರಿಗೆ ಸಂಬಂಧ ಇದೆ ಅನ್ನುವ ವಾದ ಹೆಚ್ಚು ಒಪ್ಪಿಗೆಯಾಗುತ್ತೆ. ಮಳೆಗಾಗಿ ಕಪ್ಪೆಗೆ ಮದುವೆ ಮಾಡಿಸುವ ಊರಿನವರು ನಾವು, ನಮಗೆ ಇದು ಬೇಗ ಅರ್ಥವಾಗುತ್ತೆ, ಅಲ್ವಾ?

ಪ್ರಶ್ನೆ: ನಮ್ಮ ಮನೆ ಮುಂದಿನ ರಂಗೋಲಿ ಮಧ್ಯಾಹ್ನದವರೆಗೂ ಇರಲ್ಲ. ಅದು ಹೇಗೆ ಉಳಿಯಿತು? (ಹೊಳಲ್ಕೆರೆ)

ಅದು ಪುಡಿ ಉದುರಿಸಿ ಹಾಕಿದ್ದಲ್ಲ. ಅಲ್ಲಿನ ನೆಲದ ಮೇಲೆ ಬಿಸಿಲಿಗೆ ಕಂದು ತಿರುಗಿದ ಕಲ್ಲುಗಳ ಹಾಸು, ಕೆಳಗೆ ತಿಳಿ ಬಣ್ಣದ ಮಣ್ಣು. ಕಲ್ಲು ಎತ್ತಿ ಪಕ್ಕಕ್ಕಿಟ್ಟರೆ ಗೆರೆ ಆಯಿತು. ಹೆಚ್ಚು ಕಡಿಮೆ ಹತ್ತು ಹದಿನೈದು ಸೆಂಟಿಮೀಟರ್ ಆಳ, ಅಷ್ಟೇ. ಮಳೆ ಅನ್ನುವುದು ಅಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಅದಕ್ಕೇ ಸುಮಾರು 2000 ವರ್ಷ ಉಳಿದಿದೆ. ಜರ್ಮನಿಯ ಮರಿಯಾ ರೈಶೆ ಅನ್ನುವ ಗಣಿತದ ಹೆಣ್ಣುಮಗಳು ದಶಕಗಟ್ಟಲೆ ಆ ಬಿಸಿಲಿನಲ್ಲಿ ಪೊರಕೆ ಹಿಡಿದು ಒಂದೊಂದೇ ಗೆರೆ ಗುಡಿಸಿ, ಅಳೆದು, ನಕ್ಷೆ ಬರೆದರು. 1998ರಲ್ಲಿ ತೀರಿಕೊಂಡರು. ಮೇಲೆ ಹೇಳಿದ ಗೋಪುರ ಕಟ್ಟಿಸಿದ್ದೂ ಅವರೇ. 1994ರಲ್ಲಿ ಈ ಗೆರೆಚಿತ್ರಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆದರೂ 2018ರಲ್ಲಿ ಲಾರಿಯವನೊಬ್ಬ ರಸ್ತೆ ಬಿಟ್ಟು ಗೆರೆಗಳ ಮೇಲೆಯೇ ಗಾಡಿ ಹತ್ತಿಸಿದ. ಗಾಳಿ ಮಳೆ ಅಳಿಸದ್ದು ಟೈರಿಗೆ ಹೋಯಿತು.

ಪ್ರಶ್ನೆ: ಪೆರುಗೆ ಹೋಗುವಷ್ಟು ದುಡ್ಡಿಲ್ಲ ಸ್ವಾಮಿ. ಹತ್ತಿರದಲ್ಲಿ ಏನೂ ಇಲ್ವಾ? (ಶಾಲಾ ಮೇಷ್ಟ್ರು, ಮೊಳಕಾಲ್ಮೂರು)

ಇದೆ ಮೇಷ್ಟ್ರೇ. ರತ್ನಾಗಿರಿ ಜಿಲ್ಲೆಯ ಕಶೇಳಿಯಲ್ಲಿ ಜಂಬಿಟ್ಟಿಗೆ ನೆಲದ ಮೇಲೆ ಸುಮಾರು 18 ಮೀಟರ್ ಉದ್ದದ ಆನೆ ಕೊರೆದಿದ್ದಾರೆ. ಅದರ ಹೊಟ್ಟೆಯೊಳಗೇ ಮೀನು, ಹಕ್ಕಿ, ಬೇರೆ ಪ್ರಾಣಿಗಳು. ಗೋವಾದ ಉಸಗಾಳಿಮಳದಲ್ಲಿ ಕುಶಾವತಿ ನದಿ ದಂಡೆಯ ಬಂಡೆಯ ಮೇಲೆ ಗೂಳಿ, ನವಿಲು, ಸುತ್ತಿ ಸುತ್ತಿ ಒಳಹೋಗುವ ಒಂದು ವೃತ್ತ ಇದೆ. ವಿಮಾನ ಬೇಡ, ವಾಂತಿ ಇಲ್ಲ. ಬೆಳಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಿಗೆ ಗೆರೆಯ ನೆರಳು ಬಿದ್ದು ಚೆನ್ನಾಗಿ ಕಾಣುತ್ತೆ. ನಡು ಮಧ್ಯಾಹ್ನ ಅದರ ಮೇಲೇ ನಿಂತಿದ್ದರೂ ಗೊತ್ತಾಗಲ್ಲ.

ಅಷ್ಟು ದೂರವೂ ಬೇಡ ಅಂದರೆ ನಿಮ್ಮ ತಾಲೂಕಿನ ಬ್ರಹ್ಮಗಿರಿಯೇ ಇದೆಯಲ್ಲ. ಎಲ್ಲರೂ ಅಶೋಕನ ಶಾಸನ ನೋಡಿ ವಾಪಸ್ ಬರುತ್ತಾರೆ. ಅಲ್ಲೇ ಬಯಲಿನಲ್ಲಿ ಹಳೇ ಕಾಲದ ಸಮಾಧಿಗಳ ಸುತ್ತ ನಿಲ್ಲಿಸಿದ ಕಲ್ಲಿನ ವೃತ್ತಗಳನ್ನು 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆದು ನೋಡಿದ್ದರು. ಅವು ಚಿತ್ರವಲ್ಲ, ನಿಜ. ಆದರೂ ಮಕ್ಕಳನ್ನು ಕರೆದುಕೊಂಡು ಹೋಗಿ, ಗುಡ್ಡದ ಮೇಲಿಂದ ಒಂದು ಸಲ ಕೆಳಗೆ ನೋಡಲು ಹೇಳಿ. ಎಷ್ಟು ವೃತ್ತ ಸಿಕ್ಕವು ಅಂತ ನನಗೂ ಒಂದು ಕಾರ್ಡು ಬರೆಯಿರಿ.